ಕ್ಯಾರವಾನ್ ಜನರೇಟರ್: ನಮ್ಮ ಬಿಸಿಲು, ನಮ್ಮ ಧೂಳಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ಜನರೇಟರ್ ರಿಪೇರಿ ಅಂಗಡಿ ಇದೆ. ಮೊದಲೆಲ್ಲ ಪೆಂಡಾಲಿನವರು, ಐಸ್‌ಕ್ರೀಂ ಗಾಡಿಯವರು, ರೈಸ್ ಮಿಲ್ಲಿನವರು ಬರುತ್ತಿದ್ದರು. ಈಗ ಆನೆಗೊಂದಿ, ಸಣಾಪುರ, ಅಂಜನಾದ್ರಿ ಕಡೆ ಹೋಗುವ ಕ್ಯಾರವಾನ್‌ಗಳೂ ಬಂದು ನಿಲ್ಲುತ್ತವೆ. ಟೆಂಪೋ ಟ್ರಾವೆಲರ್‌ನಲ್ಲಿ ಹಾಸಿಗೆ, ಒಲೆ, ಏಸಿ ಕೂರಿಸಿಕೊಂಡು ಊರೂರು ತಿರುಗುವ ಕುಟುಂಬಗಳು ಅವು. ಅಂಗಡಿ ಕಟ್ಟೆ ಮೇಲೆ, ಫೋನಿನಲ್ಲಿ, ಬರೆದು ಕಳಿಸಿದ ಚೀಟಿಯಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ನೋಡಿದ ರಿಪೇರಿಗಳಲ್ಲಿ ಜಾಸ್ತಿ ಬಂದದ್ದು ಮೂರೇ ಕಾರಣಕ್ಕೆ: ಬಿಸಿಲು, ಧೂಳು, ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಿದ್ದು.

## ತಗೊಳ್ಳುವ ಮೊದಲು, ಮಲಗುವ ಮೊದಲು

ಸರ್, ಒಂದು ಏಸಿ, ಒಂದು ಫ್ರಿಜ್ ಅಷ್ಟೇ ಇರೋದು. ಎಷ್ಟು ಕೆವಿಎ ಬೇಕು?

ಕೆವಿಎ ಎಂದರೆ ಜನರೇಟರ್ ಮೇಲೆ ಬರೆದಿರುವ ಶಕ್ತಿಯ ಅಳತೆ. ಬರೆದದ್ದೆಲ್ಲ ಕೈಗೆ ಸಿಗುವುದಿಲ್ಲ. ಅದನ್ನು 0.8ರಿಂದ ಗುಣಿಸಿ. 2.5 ಕೆವಿಎ ಎಂದರೆ ಸುಮಾರು 2 ಕಿಲೋವ್ಯಾಟ್. ಒಂದು ಟನ್ ಏಸಿ ಓಡುವಾಗ 1000ರಿಂದ 1200 ವ್ಯಾಟ್ ತಗೊಳ್ಳುತ್ತದೆ. ಆದರೆ ಹಳೇ ತರಹದ ಏಸಿಯ ಕಂಪ್ರೆಸರ್ ಎದ್ದೇಳುವ ಆ ಒಂದು ಕ್ಷಣಕ್ಕೆ ಅದರ ಎರಡು ಮೂರು ಪಟ್ಟು ಕೇಳುತ್ತದೆ. ಇನ್ವರ್ಟರ್ ಏಸಿ ಹಾಗಲ್ಲ, ನಿಧಾನಕ್ಕೆ ವೇಗ ಏರಿಸಿಕೊಳ್ಳುತ್ತದೆ. ಹಾಗಾಗಿ ಕ್ಯಾರವಾನ್‌ಗೆ ಇನ್ವರ್ಟರ್ ಏಸಿಯನ್ನೇ ಹಾಕಿಸಿ.

ಜನರೇಟರ್ ಮೇಲೆ ಬರೆದಿರುವ ಲೆಕ್ಕ ತಂಪು ಹವೆಯದ್ದು ಎಂಬುದೂ ನೆನಪಿರಲಿ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಯಲ್ಲಿ ಅದೇ ಮಷೀನು ಅಷ್ಟು ಕೊಡಲಾರದು. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಎಂಜಿನ್ ತಣಿಯುವುದೂ ಕಷ್ಟ. ಐದರಲ್ಲಿ ಒಂದು ಭಾಗ ಕೈಯಲ್ಲಿ ಉಳಿಸಿಕೊಂಡು ಲೆಕ್ಕ ಹಾಕಿ. ಏಸಿ ಇನ್ವರ್ಟರ್ ತರಹದ್ದಾದರೆ ನೀವು ಹೇಳಿದ ಏಸಿ, ಫ್ರಿಜ್, ನಾಲ್ಕು ದೀಪಕ್ಕೆ 3 ಕೆವಿಎ ಸಾಕು. ಇಂಡಕ್ಷನ್ ಒಲೆಯೊಂದೇ 1800ರಿಂದ 2000 ವ್ಯಾಟ್ ನುಂಗುತ್ತದೆ. ಅದನ್ನು ಏಸಿ ಜೊತೆ ಹಾಕಬೇಡಿ.

ಪೆಟ್ರೋಲಿಂದು ತಗೊಳ್ಳಲಾ, ಡೀಸೆಲ್‌ದು ತಗೊಳ್ಳಲಾ?

ತಿಂಗಳಿಗೆ ಒಂದೆರಡು ಸಲ ಹೊರಗೆ ಹೋಗುವವರಿಗೆ ಪೆಟ್ರೋಲಿನ ಇನ್ವರ್ಟರ್ ಜನರೇಟರ್, ಅಂದರೆ ಕರೆಂಟನ್ನು ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಹದ ಮಾಡಿ ಕೊಡುವಂಥದ್ದು, ಒಳ್ಳೆಯದು. ಹಗುರ, ಸದ್ದು ಕಡಿಮೆ, ಲೋಡ್ ಕಡಿಮೆ ಇದ್ದಾಗ ಎಂಜಿನ್ನೂ ನಿಧಾನವಾಗುತ್ತದೆ. ದಿನಾ ಗಂಟೆಗಟ್ಟಲೆ ಏಸಿ ಓಡಿಸುವವರಿಗೆ, ಗಾಡಿಯ ಟ್ಯಾಂಕಿನಿಂದಲೇ ಎಣ್ಣೆ ಎಳೆದುಕೊಳ್ಳುವ ಡೀಸೆಲ್ ಜನರೇಟರ್ ಸರಿ. ಆದರೆ ಡೀಸೆಲ್ ಮಷೀನನ್ನು ಬರೀ ಎರಡು ದೀಪ, ಒಂದು ಫ್ಯಾನ್‌ಗಾಗಿ ಓಡಿಸಬೇಡಿ. ಕಾಲು ಭಾಗ ಲೋಡೂ ಇಲ್ಲದೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ.

ರಾತ್ರಿ ಏಸಿ ಹಾಕ್ಕೊಂಡು, ಜನರೇಟರ್ ಚಾಲೂ ಇಟ್ಟೇ ಮಲಗಬಹುದಾ? ಮಕ್ಕಳಿಗೆ ಸೆಕೆ ತಡೆಯೋಕೆ ಆಗಲ್ಲ.

ಬೇಡ. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಒಂದು ಸಲ ನದಿ ಆಚೆಯಿಂದ ಬೆಳಗಿನ ಜಾವ ಫೋನ್ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಲ್ಲರಿಗೂ ಒಟ್ಟಿಗೇ ತಲೆಸಿಡಿತ, ವಾಂತಿ. ಊಟದ ದೋಷ ಅಂದುಕೊಂಡಿದ್ದರು. ಜನರೇಟರ್ ಓಡುತ್ತಿದೆಯಾ ಎಂದು ಕೇಳಿದೆ, ಹೌದು ಅಂದರು. ಎಲ್ಲರೂ ಈಗಲೇ ಕೆಳಗಿಳಿದು ದೂರ ಹೋಗಿ, ಆಮೇಲೆ ಆಸ್ಪತ್ರೆಗೆ ಹೋಗಿ ಅಂದೆ. ಹೋದರು, ಉಳಿದರು. ಮರುದಿನ ಗಾಡಿ ನೋಡಿದರೆ, ಸೈಲೆನ್ಸರ್ ಪೈಪಿನ ಜಾಯಿಂಟ್ ಕುಲುಕಾಟಕ್ಕೆ ಬಿಟ್ಟುಕೊಂಡಿತ್ತು. ಹೊಗೆ ನೆಲದ ಸಂದಿಯಿಂದ ಹಾಸಿಗೆ ಕೆಳಗೇ ಬರುತ್ತಿತ್ತು. ಆ ಮಕ್ಕಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಎಲ್ಲರಿಗೂ ಒಂದೇ ಹೊತ್ತಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಮೊದಲು ಹೊರಗೆ ಬನ್ನಿ. ಕಿಟಕಿ ತೆಗೆದರೆ ಸಾಕು ಅಂದುಕೊಳ್ಳಬೇಡಿ. ಹೊರಗೆ ಇಡುವ ಜನರೇಟರ್ ಆದರೆ ಗಾಡಿಯಿಂದ ಕಡಿಮೆ ಅಂದರೂ 20 ಅಡಿ ದೂರ ಇಡಿ, ಹೊಗೆಯ ಬಾಯಿ ಆಚೆ ಕಡೆ ಇರಲಿ. ಜಾತ್ರೆಗಳಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗಾಡಿಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ನಿಮ್ಮದು ಆಫ್ ಇದ್ದರೂ ಪಕ್ಕದವರ ಹೊಗೆ ನಿಮ್ಮ ಕಿಟಕಿಗೆ ಬರಬಹುದು. ಮಲಗುವ ಜಾಗದ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ.

ಸೆಕೆಗೆ ದಾರಿ ಇದೆ. ಸಂಜೆ ಎರಡು ಗಂಟೆ ಏಸಿ ಓಡಿಸಿ ಒಳಗೆ ತಂಪು ಮಾಡಿ, ಅದೇ ಹೊತ್ತಿಗೆ ಬ್ಯಾಟರಿಯನ್ನೂ ಚಾರ್ಜ್‌ಗೆ ಹಾಕಿ, ಆಮೇಲೆ ಜನರೇಟರ್ ಆರಿಸಿ. ರಾತ್ರಿಗೆ 12 ವೋಲ್ಟಿನ ಫ್ಯಾನ್ ಸಾಕು. ಎರಡು ಫ್ಯಾನ್ ಸೇರಿ 50 ವ್ಯಾಟ್ ಅಂದುಕೊಳ್ಳಿ. ಎಂಟು ಗಂಟೆಗೆ 400 ವ್ಯಾಟ್ ಅವರ್ ಆಯಿತು. 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1200 ಇರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೇವಲ್ಲ, ಹಾಗೆ ಸೊಳ್ಳೆಪರದೆ ಕಟ್ಟಿಕೊಂಡು ಹೊರಗೆ ಮಲಗಿದರೂ ಆಯಿತು.

## ದಿನದ ಆರೈಕೆ

ಆಯಿಲ್ ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು?

ತಿಂಗಳಿನ ಲೆಕ್ಕಕ್ಕಿಂತ ಗಂಟೆಯ ಲೆಕ್ಕ ಮುಖ್ಯ. ಹೊಸ ಮಷೀನಿಗೆ ಮೊದಲ 20 ಗಂಟೆಗೆ ಒಂದು ಸಲ, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಅದು. ಇದು ಸಾಮಾನ್ಯ ಲೆಕ್ಕ. ಏಪ್ರಿಲ್, ಮೇನಲ್ಲಿ ಏಸಿ ಲೋಡ್ ಹೊತ್ತು ಓಡಿದ್ದರೆ ನಾನು 50 ಗಂಟೆಗೇ ಬದಲಿಸುತ್ತೇನೆ. ಚಿಕ್ಕ ಪೆಟ್ರೋಲ್ ಎಂಜಿನ್‌ಗಳಲ್ಲಿ ಆಯಿಲ್ ಫಿಲ್ಟರೇ ಇರುವುದಿಲ್ಲ. ಸವೆದ ಲೋಹದ ಪುಡಿ, ಮಸಿ ಎಲ್ಲ ಆ ಅರ್ಧ ಲೀಟರ್ ಆಯಿಲ್‌ನಲ್ಲೇ ಸುತ್ತುತ್ತಿರುತ್ತದೆ.

ಯಾವ ಆಯಿಲ್ ಎಂಬುದಕ್ಕೆ ಮಷೀನಿನ ಜೊತೆ ಬಂದ ಪುಸ್ತಕ ನೋಡಿ. ಅದರಲ್ಲಿ ಹವೆಯ ಬಿಸಿಗೆ ತಕ್ಕಂತೆ ಒಂದು ಪಟ್ಟಿ ಇರುತ್ತದೆ. ನಮ್ಮ ಬೇಸಿಗೆಗೆ ಆ ಪಟ್ಟಿಯ ಬಿಸಿ ತುದಿಯ ಆಯಿಲ್ಲೇ ಬೇಕು. ಅಳತೆ ನೋಡುವಾಗ ಮಷೀನು ಸಮ ನೆಲದಲ್ಲಿರಲಿ, ತಣ್ಣಗಿರಲಿ. ಜಾಸ್ತಿ ಹಾಕಿದರೆ ಒಳ್ಳೆಯದು ಎಂದು ಕೆಲವರು ಅಳತೆಯ ಗುರುತು ದಾಟಿಸಿ ತುಂಬುತ್ತಾರೆ. ಅದು ಏರ್ ಫಿಲ್ಟರ್ ತನಕ ಏರಿ, ನೀಲಿ ಹೊಗೆ ಬರುತ್ತದೆ. ಹಳೇ ಆಯಿಲ್ ತೆಗೆಯುವುದು ಮಾತ್ರ ಎಂಜಿನ್ ಬೆಚ್ಚಗಿರುವಾಗ, ಆಗ ಕೆಸರೆಲ್ಲ ಜೊತೆಗೇ ಇಳಿಯುತ್ತದೆ. ತೆಗೆದ ಆಯಿಲನ್ನು ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ಸುರಿಯುವವರನ್ನು ಕಂಡಿದ್ದೇನೆ. ಅದೇ ನೀರು ನಮ್ಮ ಗದ್ದೆಗೆ ಬರುವುದು, ಅಲ್ವಾ?

ನಮ್ಮ ಕಡೆ ಧೂಳು ಭಾಳ ಐತ್ರೀ. ಏರ್ ಫಿಲ್ಟರ್ ಎಷ್ಟು ದಿನಕ್ಕ ತೊಳೀಬೇಕು?

ಪುಸ್ತಕದಲ್ಲಿ ಹೇಳಿದ್ದರ ಅರ್ಧ ಅಥವಾ ಕಾಲು ಭಾಗದ ಗಂಟೆಗೆ. ನಮ್ಮಲ್ಲಿ ಧೂಳು ಒಂದೇ ತರಹದ್ದಲ್ಲ. ಸಂಡೂರು, ತೋರಣಗಲ್ಲು ಕಡೆಯದು ಅದಿರಿನ ಕೆಂಪು ಧೂಳು. ಅದು ಎಂಜಿನ್ ಒಳಗೆ ಹೋದರೆ ಉಜ್ಜುಕಾಗದದ ಹಾಗೆ ಸಿಲಿಂಡರನ್ನು ಸವೆಸುತ್ತದೆ. ಎರೆಮಣ್ಣಿನ ಧೂಳು ಪೌಡರಿನಷ್ಟು ನುಣುಪು, ತೇವ ತಾಗಿದರೆ ಅಂಟಾಗುತ್ತದೆ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತ ಕೊಯ್ಯುವ ಮಷೀನು ಇಳಿದ ದಿನಗಳಲ್ಲಂತೂ ಹೊಟ್ಟು ಗಾಳಿಯಲ್ಲೇ ತೇಲುತ್ತಿರುತ್ತದೆ. ಅಂಥ ದಿನ ಓಡಿಸಿದ್ದರೆ ಅವತ್ತೇ ಸಂಜೆ ಫಿಲ್ಟರ್ ತೆಗೆದು ನೋಡಿ.

ಸ್ಪಂಜಿನ ಫಿಲ್ಟರ್ ಆದರೆ ಬೆಚ್ಚನೆ ಸೋಪಿನ ನೀರಿನಲ್ಲಿ ತೊಳೆದು, ತಿರುಚದೆ ಹಿಂಡಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಹಿಂಡಿ ತೆಗೆಯಿರಿ. ಧೂಳು ಹಿಡಿಯುವುದು ಆ ಆಯಿಲ್ಲಿನ ಪಸೆಯೇ. ಕಾಗದದ ಫಿಲ್ಟರ್‌ಗೆ ನೀರು ತಾಗಿಸಬೇಡಿ. ಮೆಲ್ಲಗೆ ತಟ್ಟಿ, ಇಲ್ಲವೇ ಒಳಗಿನಿಂದ ಹೊರಕ್ಕೆ ಗಾಳಿ ಊದಿಸಿ. ಹರಿದಿದ್ದರೆ ಹೊಸದು ಹಾಕಿ. ಎಂಜಿನ್ ಮೈಮೇಲಿನ ತಣಿಸುವ ರೆಕ್ಕೆಗಳ ನಡುವೆಯೂ ಧೂಳು ಕೂರುತ್ತದೆ, ಬ್ರಷ್ಷಿನಿಂದ ತೆಗೆಯಿರಿ. ಅವು ಮುಚ್ಚಿಹೋದರೆ ಎಂಜಿನ್ ಕಂಬಳಿ ಹೊದ್ದಂತೆ ಆಗುತ್ತದೆ.

ಮೂರು ತಿಂಗಳು ಮುಟ್ಟಿಯೇ ಇಲ್ಲ. ಓಡಿಸದ ಮಷೀನು ಹೇಗೆ ಕೆಡುತ್ತೆ?

ಓಡಿಸದೇ ಇದ್ದದ್ದಕ್ಕೇ ಕೆಡುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆರಿಹೋಗಿ ಅಂಟು ಉಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ತೂತಿನ ಜೆಟ್ ಅದರಿಂದ ಮುಚ್ಚಿಕೊಳ್ಳುತ್ತದೆ.

ಪ್ರವಾಸ ಮುಗಿಸಿ ಬಂದ ದಿನ ಪೆಟ್ರೋಲಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಲು ಬಿಡಿ. ಬಟ್ಟಲು ಖಾಲಿಯಾಗುತ್ತದೆ. ತಿಂಗಳಿಗೊಮ್ಮೆ ಒಂದೆರಡು ಗಂಟೆ ಅರ್ಧ ಲೋಡ್ ಹಾಕಿ ಓಡಿಸಿ. ಬರೀ ಐದು ನಿಮಿಷ ಖಾಲಿ ಓಡಿಸಿದರೆ ಒಳಗಿನ ತೇವ ಆರುವಷ್ಟೂ ಬಿಸಿಯಾಗುವುದಿಲ್ಲ. ಇನ್ನೊಂದು ಮಾತು. ಗದ್ದೆ ಹತ್ತಿರ ಶೆಡ್ ಇದ್ದರೆ ಇಲಿ ಬಂದೇ ಬರುತ್ತದೆ. ತುಂಬ ದಿನದ ಮೇಲೆ ಚಾಲೂ ಮಾಡುವಾಗ ವೈರ್ ಕಡಿದಿದೆಯಾ, ಫ್ಯಾನ್ ಹತ್ತಿರ ಹುಲ್ಲಿನ ಗೂಡಿದೆಯಾ ಎಂದು ಟಾರ್ಚ್ ಬಿಟ್ಟು ನೋಡಿ.

## ಚಾಲೂ ಆಗದಿದ್ದಾಗ, ನಡುವೆ ನಿಂತಾಗ

ಅಣ್ಣಾ, ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದವು. ಚಾಲೂನ ಆಗವಲ್ದು. ಮೊದ್ಲು ಏನು ನೋಡ್ಲಿ?

ಮೊದಲು ಹಗ್ಗ ಬಿಡಿ, ಗಾಡಿ ನಿಂತ ನೆಲ ನೋಡಿ. ಜಾಸ್ತಿ ಜನರೇಟರ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಆನೆಗೊಂದಿಯ ಬಂಡೆಗಳ ನಡುವೆ ಗಾಡಿ ಓರೆಯಾಗಿ ನಿಂತರೆ ಆಯಿಲ್ ಒಂದು ಪಕ್ಕಕ್ಕೆ ಸರಿದು, ಆಯಿಲ್ ಇದ್ದರೂ ಇಲ್ಲ ಎಂದು ಅದು ತಿಳಿಯುತ್ತದೆ. ಗಾಡಿ ಸಮ ಮಾಡಿದ ಕೂಡಲೇ ಚಾಲೂ ಆದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಪೆಟ್ರೋಲು, ಕಾಕ್, ಸ್ವಿಚ್ಚು. ಚೋಕ್ ತಣ್ಣಗಿನ ಎಂಜಿನ್‌ಗೆ ಮಾತ್ರ. ಬಿಸಿ ಎಂಜಿನ್‌ಗೆ ಚೋಕ್ ಎಳೆದರೆ ಪೆಟ್ರೋಲು ತುಂಬಿಕೊಂಡು ಸ್ಪಾರ್ಕ್ ಪ್ಲಗ್ ಒದ್ದೆಯಾಗುತ್ತದೆ. ಪ್ಲಗ್ ಬಿಚ್ಚಿ ನೋಡಿ. ಒದ್ದೆ ಇದ್ದರೆ ಒರೆಸಿ, ಹತ್ತು ನಿಮಿಷ ಬಿಟ್ಟು ಚೋಕ್ ಇಲ್ಲದೆ ಎಳೆಯಿರಿ. ಪೂರ್ತಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ, ತೊಂದರೆ ಕಾರ್ಬೊರೇಟರ್ ಕಡೆ ಇದೆ. ಕಪ್ಪು ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿದೆ. ಪ್ಲಗ್ಗಿನ ಸಂದು ಬಹಳ ಮಷೀನುಗಳಲ್ಲಿ 0.7ರಿಂದ 0.8 ಮಿಲಿಮೀಟರ್. ಕಿಡಿ ನೋಡುತ್ತೇನೆಂದು ಪ್ಲಗ್ಗನ್ನು ತೂತಿನ ಪಕ್ಕದಲ್ಲೇ ಹಿಡಿದು ಹಗ್ಗ ಎಳೆಯಬೇಡಿ. ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಬೆಂಕಿ ಹತ್ತುತ್ತದೆ. ಕಡಿಮೆ ಬೆಲೆಗೆ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ.

ಅರ್ಧ ಗಂಟೆ ಚೆನ್ನಾಗಿ ಓಡುತ್ತೆ, ಆಮೇಲೆ ತಾನೇ ನಿಲ್ಲುತ್ತೆ. ತಣ್ಣಗಾದ ಮೇಲೆ ಮತ್ತೆ ಓಡುತ್ತೆ. ಯಾಕೆ?

ನಮ್ಮ ಬೇಸಿಗೆಯಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮೆಲ್ಲಗೆ ಸಡಿಲಿಸಿ. ಹುಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಎಂಜಿನ್ ಚಾಲೂ ಆದರೆ ಮುಚ್ಚಳದ ಗಾಳಿ ತೂತು ಧೂಳಿನಿಂದ ಕಟ್ಟಿದೆ ಎಂದರ್ಥ. ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು, ಹೋಗದಿದ್ದರೆ ಪೆಟ್ರೋಲು ಇಳಿಯುವುದೇ ನಿಲ್ಲುತ್ತದೆ. ಇದನ್ನು ನೋಡುವಾಗ ಹತ್ತಿರ ಬೀಡಿ, ಒಲೆ ಇರಬಾರದು.

ಅದಲ್ಲವಾದರೆ ಪೆಟ್ಟಿಗೆ ನೋಡಿ. ಜನರೇಟರ್ ಕೂರಿಸಿದ ಪೆಟ್ಟಿಗೆಗೆ ತಂಪು ಗಾಳಿ ಒಂದು ಕಡೆಯಿಂದ ಬಂದು, ಬಿಸಿ ಗಾಳಿ ಇನ್ನೊಂದು ಕಡೆ ಹೋಗಬೇಕು. ಎರಡೂ ಜಾಲರಿ ಅಕ್ಕಪಕ್ಕ ಇದ್ದರೆ ಉಗುಳಿದ ಬಿಸಿಯನ್ನೇ ಮತ್ತೆ ಕುಡಿಯುತ್ತದೆ. ಪೆಟ್ಟಿಗೆ ಕಾದಾಗ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ದಾರಿ ಕಟ್ಟುತ್ತದೆ. ಪೈಪು ಸೈಲೆನ್ಸರ್‌ನಿಂದ ದೂರ ಹಾಯಲಿ, ಗಾಡಿಯ ಆ ಪಕ್ಕ ನೆರಳಿಗೆ ಬರುವಂತೆ ನಿಲ್ಲಿಸಿ. ಪೆಟ್ಟಿಗೆ ಬಾಗಿಲು ತೆರೆದರೂ ಹೀಗೇ ಆದರೆ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಇಡಿ. ಅದು ಬಿಸಿಯಾದಾಗ ಮಾತ್ರ ಕೈಕೊಡುತ್ತದೆ. ಅದಕ್ಕೇ ಅಂಗಡಿಗೆ ತಂದಾಗ ಎಲ್ಲ ಸರಿ ಕಾಣುತ್ತದೆ.

ಗಾಡಿ ಟ್ಯಾಂಕಿನಲ್ಲಿ ಡೀಸೆಲ್ ಇದೆ, ಗಾಡಿ ಓಡ್ತಿದೆ. ಜನರೇಟರ್ ಮಾತ್ರ ಚಾಲೂ ಆಗ್ತಿಲ್ಲ.

ಟ್ಯಾಂಕಿನಲ್ಲಿ ಎಷ್ಟಿದೆ? ಕಾಲು ಭಾಗಕ್ಕಿಂತ ಕಡಿಮೆಯಾ? ಹಾಗಾದರೆ ಅದು ರೋಗವಲ್ಲ. ಜನರೇಟರ್‌ಗೆ ಡೀಸೆಲ್ ಎಳೆಯುವ ಪೈಪನ್ನು ಟ್ಯಾಂಕಿನ ತಳದಿಂದ ಮೇಲಕ್ಕೇ ನಿಲ್ಲಿಸಿರುತ್ತಾರೆ. ರಾತ್ರಿಯೆಲ್ಲ ಜನರೇಟರ್ ಓಡಿ, ಬೆಳಿಗ್ಗೆ ಗಾಡಿ ಊರು ಸೇರಲು ಡೀಸೆಲ್ಲೇ ಇಲ್ಲದಂತೆ ಆಗಬಾರದು ಎಂದು. ಡೀಸೆಲ್ ಹಾಕಿಸಿ. ಒಮ್ಮೆ ಪೈಪಿಗೆ ಗಾಳಿ ಹೊಕ್ಕರೆ, ಫಿಲ್ಟರ್ ಹತ್ತಿರದ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ಇಲ್ಲದ ಡೀಸೆಲ್ ಬರುವ ತನಕ ಗಾಳಿ ತೆಗೆಯಬೇಕು.

ಸದ್ದು ಏರ್ತದ, ಇಳೀತದ, ಏರ್ತದ, ಇಳೀತದ. ದೀಪಾನೂ ಹಂಗ ಕುಣೀತಾವ.

ಪೆಟ್ರೋಲ್ ಮಷೀನು ಖಾಲಿ ಇದ್ದಾಗ ಹೀಗಾಗಿ, ಲೋಡ್ ಹಾಕಿದ ಮೇಲೆ ಸರಿಹೋದರೆ ಕಾರ್ಬೊರೇಟರ್‌ನ ಸಣ್ಣ ಜೆಟ್ ಅರ್ಧ ಕಟ್ಟಿದೆ. ಕ್ಲೀನರ್ ಹೊಡೆದು, ಗಾಳಿ ಊದಿ ಸ್ವಚ್ಛ ಮಾಡಬೇಕು. ಸೂಜಿ, ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಜೆಟ್ಟೇ ಹಾಳು. ಜೆಟ್ ಸ್ವಚ್ಛ ಇದ್ದೂ ಹೀಗಾದರೆ ಕಾರ್ಬೊರೇಟರ್ ಗ್ಯಾಸ್ಕೆಟ್ ಹತ್ತಿರ ಗಾಳಿ ಎಳೆಯುತ್ತಿದೆಯಾ, ಎಂಜಿನ್ ವೇಗ ಸಮ ಇಡುವ ಗವರ್ನರ್‌ನ ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ ನೋಡಿಸಿ.

ಹೊಗೆ ಬಣ್ಣ ನೋಡಿ ರೋಗ ಹೇಳಬಹುದಂತೆ, ನಿಜಾನಾ?

ಸುಮಾರಿಗೆ ಹೇಳಬಹುದು. ಕಪ್ಪು ಎಂದರೆ ಇಂಧನ ಜಾಸ್ತಿ, ಗಾಳಿ ಕಡಿಮೆ. ಫಿಲ್ಟರ್ ಅಥವಾ ಚೋಕ್ ನೋಡಿ, ಇಲ್ಲವೇ ಲೋಡ್ ಮಿತಿ ಮೀರಿದೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಗಿನ ತಂಪಿನಲ್ಲಿ ಒಂದೆರಡು ನಿಮಿಷ ಬರುವ ಬಿಳಿ ಹೊಗೆಗೆ ಹೆದರಬೇಡಿ.

## ಕರೆಂಟಿನ ವಿಷಯ

ಎಂಜಿನ್ ಓಡ್ತಿದೆ, ಆದರೆ ಕರೆಂಟೇ ಬರ್ತಿಲ್ಲ.

ಮೊದಲು ಬ್ರೇಕರ್ ಬಿದ್ದಿದೆಯಾ ನೋಡಿ. ಇನ್ವರ್ಟರ್ ಮಾದರಿಯಲ್ಲಿ ಓವರ್‌ಲೋಡ್ ಕೆಂಪು ದೀಪ ಹತ್ತಿದ್ದರೆ ಎಲ್ಲ ಪ್ಲಗ್ ತೆಗೆದು, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿ. ಗಾಡಿಯ ವೈರಿಂಗ್ ಬಿಟ್ಟು ನೇರ ಜನರೇಟರ್‌ಗೇ ಒಂದು ಬಲ್ಬ್ ಹಾಕಿ. ಬಲ್ಬ್ ಹತ್ತಿದರೆ ತಪ್ಪು ಗಾಡಿಯ ವೈರಿಂಗಿನದು. ಹತ್ತದಿದ್ದರೆ, ಹಳೇ ಮಾದರಿಗಳಲ್ಲಿ ವೋಲ್ಟ್ ಸಮ ಇಡುವ ಎವಿಆರ್, ಕಾರ್ಬನ್ ಬ್ರಷ್, ಕೆಪಾಸಿಟರ್ ಇವುಗಳಲ್ಲಿ ಒಂದು ಹೋಗಿರುತ್ತದೆ. ವರ್ಷಗಟ್ಟಲೆ ನಿಂತ ಮಷೀನಿನಲ್ಲಿ ರೋಟರ್ ಒಳಗೆ ಉಳಿಯಬೇಕಾದ ಚೂರು ಕಾಂತಶಕ್ತಿಯೂ ಆರಿಹೋಗಿರಬಹುದು. ಅದನ್ನು 12 ವೋಲ್ಟ್ ಬ್ಯಾಟರಿಯಿಂದ ಮತ್ತೆ ಎಬ್ಬಿಸಬಹುದು. ಆದರೆ ಅದು ತಿಳಿದವರ ಕೆಲಸ. ಎಂಜಿನ್ ಆರಿಸಿದ ಮೇಲೂ ಕೆಪಾಸಿಟರ್ ಶಾಕ್ ಕೊಡುತ್ತದೆ.

ಏಸಿ ಹಾಕಿದ ಕೂಡಲೇ ಎಂಜಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತೆ.

ಬೇರೆಲ್ಲ ಆರಿಸಿ ಏಸಿಯನ್ನು ಮೊದಲು ಹಾಕಿ. ಅದು ಓಡಲು ಶುರುವಾದ ಮೇಲೆ ಉಳಿದದ್ದು. ಇನ್ವರ್ಟರ್ ಜನರೇಟರ್‌ನಲ್ಲಿ ಏಸಿ ಹಾಕುವಾಗ, ಲೋಡ್ ಕಡಿಮೆ ಇದ್ದರೆ ಎಂಜಿನ್ ನಿಧಾನ ಮಾಡುವ ಇಕೋ ಸ್ವಿಚ್ ಆಫ್ ಇರಲಿ. ಅಷ್ಟಕ್ಕೂ ಸರಿಯಾಗದಿದ್ದರೆ ವೋಲ್ಟ್ ಅಳೆಯಿರಿ. ಲೋಡ್ ಇದ್ದಾಗಲೂ 230ರ ಆಸುಪಾಸು ಇರಬೇಕು. ಮಷೀನಿನ ಹತ್ತಿರ ಸರಿ ಇದ್ದು ಏಸಿ ಹತ್ತಿರ ಕಡಿಮೆ ತೋರಿಸಿದರೆ ವೈರ್ ಸಣ್ಣದು ಎಂದರ್ಥ. ಮೈಕ್‌ಸೆಟ್ಟಿಗೆ ಬಳಸುವ ತೆಳು ವೈರಿನಲ್ಲಿ ಏಸಿ ಓಡಿಸುವವರಿದ್ದಾರೆ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿ, ಸುರುಳಿ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟ ವೈರ್ ಬಿಸಿಯಾಗಿ ಕರಗುತ್ತದೆ.

ಊರಲ್ಲಿ ಕರೆಂಟ್ ಹೋದಾಗ ಇದನ್ನೇ ಮನೆ ಪ್ಲಗ್ಗಿಗೆ ಚುಚ್ಚಬಹುದಾ?

ಖಂಡಿತ ಬೇಡ. ಮನೆಯ ಸಾಕೆಟ್ಟಿಗೆ ಚುಚ್ಚಿದರೆ ಕರೆಂಟು ಮೀಟರ್ ದಾಟಿ ಹೊರಗಿನ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಜೆಸ್ಕಾಂ ಲೈನ್‌ಮ್ಯಾನ್ ಕಂಬದ ಮೇಲಿರುತ್ತಾನೆ. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಮನೆಗೆ ಕೊಡಲೇಬೇಕಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಗಾಡಿಯ ವೈರಿಂಗಿಗೂ ಕರೆಂಟ್ ಸೋರಿದರೆ ತಟ್ಟನೆ ಬೀಳುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಜನರೇಟರ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸದೇ ಇದ್ದರೆ ಅದು ಬೀಳಬೇಕಾದಾಗ ಬೀಳದೇ ಹೋಗಬಹುದು. ಅದನ್ನೂ ಪರೀಕ್ಷೆ ಮಾಡಿಸಿ.

ಹಳೇದು ರಿಪೇರಿ ಮಾಡಿಸಲಾ, ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿದೆ, ಅದನ್ನ ತಗೊಳ್ಳಲಾ?

ಹಳೆಯದರ ವಾಲ್ವ್ ಸಂದು ಒಮ್ಮೆ ಸರಿ ಮಾಡಿಸಿ ನೋಡಿ. 300ರಿಂದ 500 ಗಂಟೆಗೊಮ್ಮೆ ಮಾಡಬೇಕಾದ ಕೆಲಸ ಅದು, ಯಾರೂ ಮಾಡಿಸುವುದಿಲ್ಲ. ವಾಲ್ವ್ ಸರಿಯಾಗಿ ಕೂರದೆ ಕಂಪ್ರೆಷನ್ ಹೋದದ್ದಕ್ಕೆ ಎಂಜಿನ್ನೇ ಮುಗಿಯಿತು ಎಂದು ಗುಜರಿಗೆ ಹಾಕಿದವರಿದ್ದಾರೆ. ಇನ್ವರ್ಟರ್ ಬೋರ್ಡ್ ಸುಟ್ಟಿದ್ದರೆ ಮಾತು ಬೇರೆ. ಆ ಬೋರ್ಡಿನ ಬೆಲೆ ಕೇಳಿಕೊಂಡೇ ಮುಂದಿನದು ಯೋಚಿಸಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಒಂದು ಇಸ್ತ್ರಿಪೆಟ್ಟಿಗೆ ಅಥವಾ ನೀರು ಕಾಯಿಸುವ ಕಾಯಿಲ್ ಜೊತೆಗಿರಲಿ. ಅರ್ಧ ಗಂಟೆಯಾದರೂ ಲೋಡಿನಲ್ಲಿ ಓಡಿಸಿ, ಹೊಗೆ ನೋಡಿ, ವೋಲ್ಟ್ ನೋಡಿ. ಆಯಿಲ್ ಕಡ್ಡಿ ಮೂಗಿಗೆ ಹಿಡಿಯಿರಿ, ಪೆಟ್ರೋಲ್ ವಾಸನೆ ಬಂದರೆ ಬೇಡ. ಇದೆಲ್ಲಕ್ಕೂ ಮೊದಲು, ಹೋದ ಕೂಡಲೇ ಎಂಜಿನ್ ಹತ್ತಿರ ಕೈ ಒಡ್ಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿ ಇಟ್ಟಿದ್ದಾರೆ. ಚಹಾ ಕುಡಿದು ಬನ್ನಿ, ಅದು ಪೂರ್ತಿ ತಣ್ಣಗಾದ ಮೇಲೆ ನಿಮ್ಮ ಕೈಯಿಂದಲೇ ಹಗ್ಗ ಎಳೆಯಿರಿ.